ಕೋರ್ಟಿನ ಕಾಗದ ಶೆರಿಫ್ ಕೈಗೆ ಬಂದ ಮೇಲೆ

ನಮ್ಮ ಕಡೆ ಸಮನ್ಸ್ ತರುವವನು ಅಮೀನ. ಡಿಕ್ರಿ ಅಮಲ್ಜಾರಿಗೆ ಮನೆ ಬಾಗಿಲಿಗೆ ಬರುವವನು ಬೇಲಿಫ್. ಜೈಲು ಕಾರಾಗೃಹ ಇಲಾಖೆಗೆ ಸೇರಿದ್ದು, ಆರೋಪಿಗಳನ್ನು ಕೋರ್ಟಿಗೆ ಕರೆತರುವವರು ಪೊಲೀಸರು. ಅಮೆರಿಕದ ಬಹುಪಾಲು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಈ ನಾಲ್ಕು ಕೆಲಸವೂ ಒಂದೇ ಕಚೇರಿಯದು, ಶೆರಿಫ್‌ ಕಚೇರಿಯದು. ಸಿನಿಮಾ ನೋಡಿದವರಿಗೆ ಶೆರಿಫ್ ಎಂದರೆ ಟೋಪಿ, ಪಿಸ್ತೂಲು, ಗಸ್ತು ಜೀಪು. ಆದರೆ ಸಾಮಾನ್ಯ ನಿವಾಸಿಗೆ ಆ ಕಚೇರಿಯ ಜೊತೆ ವ್ಯವಹಾರ ಬೀಳುವುದು ಹೆಚ್ಚಾಗಿ ಅದರ ಸಿವಿಲ್ ವಿಭಾಗದ ಕೌಂಟರಿನಲ್ಲಿ, ಕೈಯಲ್ಲಿ ಕೋರ್ಟಿನ ಒಂದು ಕಾಗದ ಹಿಡಿದುಕೊಂಡು.

ಆ ಕೌಂಟರಿನ ಆಚೆ ಇರುವವರು ನ್ಯಾಯಾಧೀಶರಲ್ಲ, ನಿಮ್ಮ ವಕೀಲರೂ ಅಲ್ಲ. ಕ್ಯಾಲಿಫೋರ್ನಿಯಾದ ಸಿವಿಲ್ ಪ್ರಕ್ರಿಯಾ ಸಂಹಿತೆಯ 262.1ನೇ ಕಲಮು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಅಧಿಕಾರವುಳ್ಳ ಕೋರ್ಟು ಹೊರಡಿಸಿದ, ಮೇಲ್ನೋಟಕ್ಕೆ ಕ್ರಮಬದ್ಧವಾಗಿರುವ ಆದೇಶವನ್ನು ಶೆರಿಫ್ ಜಾರಿ ಮಾಡಲೇಬೇಕು. ಅದರ ಹಿಂದಿನ ವಿಚಾರಣೆಯಲ್ಲಿ ಏನೇ ದೋಷವಿದ್ದರೂ ಅದನ್ನು ಕೆದಕುವುದು ಅವರ ಕೆಲಸವಲ್ಲ. ಹೀಗಾಗಿ ‘ತೀರ್ಪೇ ತಪ್ಪು, ಸಾರ್’ ಎಂದು ಡೆಪ್ಯುಟಿಯ, ಅಂದರೆ ಶೆರಿಫ್ ಕೈಕೆಳಗಿನ ಅಧಿಕಾರಿಯ, ಮುಂದೆ ಗೋಳಾಡಿದರೆ ಫಲವಿಲ್ಲ. ಕೋರ್ಟಿನಿಂದ ತಡೆಯಾಜ್ಞೆ ತಂದು ತೋರಿಸಿದರೆ ಅವರೇ ಕೈ ನಿಲ್ಲಿಸುತ್ತಾರೆ. ಇನ್ನೊಂದು ಕಡೆ, ಗೆದ್ದವರು ಕೊಟ್ಟ ಕಾಗದದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಅದನ್ನು ಸರಿಪಡಿಸಿಕೊಡುವ ಹೊಣೆಯೂ ಅವರದಲ್ಲ.

ಹುದ್ದೆಯ ಬಗ್ಗೆ ಎರಡು ಮಾತು. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲೂ ಶೆರಿಫ್ ಚುನಾಯಿತ ಅಧಿಕಾರಿ. ರಾಜ್ಯ ಸಂವಿಧಾನವೇ ಹಾಗೆ ವಿಧಿಸಿದೆ. ಕಚೇರಿಯ ಬಜೆಟ್ ಕೊಡುವುದು ಕೌಂಟಿಯ ಮೇಲ್ವಿಚಾರಕರ ಮಂಡಳಿ, ಆದರೆ ಶೆರಿಫ್ ಅದರ ನೌಕರನಲ್ಲ. ಬೇರೆ ಕಡೆ ಚಿತ್ರವೇ ಬೇರೆ. ನ್ಯೂಯಾರ್ಕ್ ನಗರದ ಶೆರಿಫ್‌ನನ್ನು ಮೇಯರ್ ನೇಮಿಸುತ್ತಾರೆ, ಕಚೇರಿ ಇರುವುದು ಹಣಕಾಸು ಇಲಾಖೆಯೊಳಗೆ. ಕನೆಕ್ಟಿಕಟ್‌ನ ಮತದಾರರು 2000ದಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಟೆಕ್ಸಸ್‌ನಲ್ಲಿ ಮನೆ ತೆರವಿನಂಥ ಕೆಲಸಕ್ಕೆ ಸಾಮಾನ್ಯವಾಗಿ ಬರುವವನು ಕಾನ್‌ಸ್ಟೆಬಲ್. ಅವನೂ ಚುನಾಯಿತನೇ, ನಮ್ಮ ಠಾಣೆಯ ಪೇದೆಯಲ್ಲ. ಆದ್ದರಿಂದ ಒಂದು ರಾಜ್ಯದ ಅನುಭವವನ್ನು ಇನ್ನೊಂದಕ್ಕೆ ಹಾಗೇ ಅನ್ವಯಿಸಬಾರದು. ಮುಂದೆ ಹೇಳುವುದು ಮುಖ್ಯವಾಗಿ ಕ್ಯಾಲಿಫೋರ್ನಿಯಾದ ಕ್ರಮ.

ತೀರಾ ಸಾಮಾನ್ಯವಾದ ಪ್ರಸಂಗದಿಂದಲೇ ಹೊರಡೋಣ. ಬಾಡಿಗೆ ಮನೆ ಬಿಟ್ಟಿರಿ, ಮಾಲೀಕ ಮುಂಗಡದ 3,200 ಡಾಲರ್ ಹಿಂದಿರುಗಿಸಲಿಲ್ಲ. ಸಣ್ಣ ಮೊತ್ತದ ದಾವೆಗಳ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋದಿರಿ. ವ್ಯಕ್ತಿಗಳು ಅಲ್ಲಿ 12,500 ಡಾಲರ್‌ವರೆಗಿನ ದಾವೆ ಹೂಡಬಹುದು. ಗೆದ್ದಿರಿ. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯ ಮೊದಲರ್ಧ ಅರ್ಥವಾಗುವುದು ಈಗ. ಕೋರ್ಟು ಹಣ ವಸೂಲಿ ಮಾಡಿಕೊಡುವುದಿಲ್ಲ. ಮೇಲ್ಮನವಿಯ 30 ದಿನ ಕಳೆದ ಮೇಲೆ ನೀವೇ ಕೋರ್ಟಿನ ಕ್ಲರ್ಕ್‌ನಿಂದ ರಿಟ್ ಆಫ್ ಎಕ್ಸಿಕ್ಯೂಷನ್ ಪಡೆಯಬೇಕು. ನಮ್ಮಲ್ಲಿ ರಿಟ್ ಎಂದರೆ ಹೈಕೋರ್ಟು ನೆನಪಾಗುತ್ತದೆ; ಇಲ್ಲಿ ಅದು ಬರೀ ಅಮಲ್ಜಾರಿ ಹುಕುಂ. ಇಜೆ-130 ಎಂಬ ನಮೂನೆ, ಅದರ ಮೇಲೆ ಕೋರ್ಟಿನ ಮೊಹರು.

ರಿಟ್ ಒಂದು ಕೌಂಟಿಯ ಹೆಸರಿಗೆ ಹೊರಡುತ್ತದೆ. ಸಾಲಗಾರನ, ಅಂದರೆ ತೀರ್ಪಿನಂತೆ ಹಣ ಕೊಡಬೇಕಾದವನ, ಆಸ್ತಿ ಎರಡು ಕೌಂಟಿಗಳಲ್ಲಿದ್ದರೆ ಎರಡು ರಿಟ್ ಬೇಕು. ಹೊರಡಿಸಿದ ದಿನದಿಂದ 180 ದಿನಗಳೊಳಗೆ ಜಪ್ತಿ ಆಗಬೇಕು, ತಪ್ಪಿದರೆ ಹೊಸದು ತರಬೇಕು. ಐದು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡು ಕೊನೆಯ ವಾರ ಓಡಿಬಂದರೆ, ಕಚೇರಿಯಲ್ಲಿ ಸರತಿಗೇ ಆ ವಾರ ಹೋಗುತ್ತದೆ.

ಕೌಂಟರಿನಲ್ಲಿ ಕೊಡಬೇಕಾದ್ದು ಮೂರು: ರಿಟ್, ಲಿಖಿತ ಸೂಚನೆ, ಮುಂಗಡ ಶುಲ್ಕ. ಸೂಚನೆಗೆ 2024ರ ಜನವರಿಯಿಂದ ರಾಜ್ಯಕ್ಕೆಲ್ಲ ಒಂದೇ ನಮೂನೆ, ಎಸ್‌ಇಆರ್-001. ಜಪ್ತಿಗಾದರೆ ಅದರ ಜೊತೆ 001ಎ. ಏನನ್ನು, ಎಲ್ಲಿ, ಯಾರಿಂದ ಹಿಡಿಯಬೇಕು ಎಂದು ಬರೆಯುವವರು ನೀವು. ಸಾಲಗಾರ ಎಲ್ಲಿ ಕೆಲಸ ಮಾಡುತ್ತಾನೆ, ಯಾವ ಬ್ಯಾಂಕಿನಲ್ಲಿ ಖಾತೆ ಇದೆ ಎಂದು ಶೆರಿಫ್ ಪತ್ತೆ ಮಾಡಿಕೊಡುವುದಿಲ್ಲ. ಇಲ್ಲಿ ಎಷ್ಟೋ ಜನ ಪೆಚ್ಚಾಗುತ್ತಾರೆ. ಗೊತ್ತಿಲ್ಲವಾದರೆ ಸಾಲಗಾರನನ್ನು ಕೋರ್ಟಿಗೆ ಕರೆಸಿ, ಪ್ರಮಾಣ ಮಾಡಿಸಿ, ಆಸ್ತಿಯ ವಿವರ ಕೇಳುವ ದಾರಿ ಬೇರೆ ಇದೆ. ಆ ಆದೇಶ ಕ್ರಮವಾಗಿ ಕೈಗೆ ತಲುಪಿಯೂ ಅವನು ಬಾರದಿದ್ದರೆ ನ್ಯಾಯಾಧೀಶರು ಬಂಧನದ ವಾರಂಟ್ ಹೊರಡಿಸಬಹುದು. ಅದೂ ಶೆರಿಫ್ ಕೈಗೇ ಬರುತ್ತದೆ.

ಕಾಗದ ವಾಪಸು ಬರುವುದಕ್ಕೆ ದೊಡ್ಡ ಕಾರಣ ಹೆಸರು. ನಮ್ಮವರ ಹೆಸರುಗಳಲ್ಲಂತೂ ಇದು ತಲೆನೋವಿನ ವಿಷಯ. ಎಚ್.ಎಸ್. ಮಂಜುನಾಥ ಎಂಬುವರು ಪಾಸ್‌ಪೋರ್ಟಿನಲ್ಲಿ ‘ಮಂಜುನಾಥ ಹೊಸಹಳ್ಳಿ ಶಿವಣ್ಣ’, ಬ್ಯಾಂಕಿನಲ್ಲಿ ‘ಮಂಜುನಾಥ ಶಿವಣ್ಣ’, ಬಾಡಿಗೆ ಕರಾರಿನಲ್ಲಿ ‘ಮಂಜು ಹೊಸಹಳ್ಳಿ’ ಎಂದಿರುವುದು ಅಪರೂಪವೇನಲ್ಲ. ತೀರ್ಪು ಮೂರನೆಯ ಹೆಸರಿಗೆ ಆಗಿದ್ದರೆ ಬ್ಯಾಂಕು ‘ಅಂಥ ಖಾತೆದಾರ ನಮ್ಮಲ್ಲಿಲ್ಲ’ ಎಂದು ಉತ್ತರಿಸಿ ಸುಮ್ಮನಾಗುತ್ತದೆ. ಇದಕ್ಕೆ ಮದ್ದು ಗುರುತಿನ ಅಫಿಡವಿಟ್: ಈ ಮೂರೂ ಹೆಸರು ಒಬ್ಬನವೇ ಎಂದು ಆಧಾರ ಸಹಿತ ಪ್ರಮಾಣ ಮಾಡಿ, ಕೋರ್ಟಿನಲ್ಲಿ ಸಲ್ಲಿಸಿ, ರಿಟ್‌ನಲ್ಲಿಯೇ ಎಲ್ಲ ಹೆಸರುಗಳನ್ನು ನಮೂದಿಸಿಕೊಳ್ಳಬೇಕು. ದಾವೆ ಹೂಡುವಾಗಲೇ ಪೂರ್ತಿ ಹೆಸರು ಹುಡುಕಿ ಬರೆದಿದ್ದರೆ ಈ ಸುತ್ತು ತಪ್ಪುತ್ತಿತ್ತು.

ಸಂಬಳ ಜಪ್ತಿಯಲ್ಲಿ ಎಷ್ಟು ಕಡಿಯಬೇಕೆಂಬುದನ್ನು ಶೆರಿಫ್ ನಿರ್ಧರಿಸುವುದಿಲ್ಲ. ಆದೇಶವನ್ನು ಉದ್ಯೋಗದಾತನಿಗೆ ಮುಟ್ಟಿಸುವುದಷ್ಟೇ ಅವರ ಪಾಲು. ಕಂಪನಿ 15 ದಿನಗಳೊಳಗೆ ಉತ್ತರ ಪತ್ರ ಕಳಿಸಬೇಕು. ಆದೇಶ ಮುಟ್ಟಿದ 10 ದಿನಗಳ ಮೇಲೆ ಕಡಿತ ಶುರು. ಲೆಕ್ಕ 2023ರ ಸೆಪ್ಟೆಂಬರ್ 1ರಿಂದ ಬದಲಾಗಿದೆ. ತೆರಿಗೆಯಂಥ ಕಡ್ಡಾಯ ಕಡಿತಗಳು ಹೋದ ಮೇಲೆ ಉಳಿದ ವಾರದ ಸಂಬಳದ ಶೇ. 20 ಒಂದು ಮೊತ್ತ. ಆ ಸಂಬಳವು ಗಂಟೆಯ ಕನಿಷ್ಠ ಕೂಲಿಯ 48 ಪಟ್ಟನ್ನು ಎಷ್ಟು ಮೀರುತ್ತದೋ ಅದರ ಶೇ. 40 ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕಡಿಯುವಂತಿಲ್ಲ.

ಲೆಕ್ಕ ಹಾಕಿಯೇ ನೋಡಿ. 2025ರಲ್ಲಿ ರಾಜ್ಯದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ಅದರ 48 ಪಟ್ಟು 792. ವಾರಕ್ಕೆ ಕೈಗೆ ಬರುವುದು 1,000 ಡಾಲರ್ ಎಂದಾದರೆ ಶೇ. 20 ಎಂದರೆ 200. ಇನ್ನೊಂದು ಬದಿ 1,000ದಲ್ಲಿ 792 ಕಳೆದರೆ 208, ಅದರ ಶೇ. 40 ಎಂದರೆ 83.20. ಕಡಿತ 83.20 ಡಾಲರ್ ಮಾತ್ರ. ವಾರಕ್ಕೆ 2,500 ಬರುವವನಿಗೆ ಇದು ತಿರುಗುಮುರುಗು: ಶೇ. 20ರ ಲೆಕ್ಕದಲ್ಲಿ 500, ಎರಡನೆಯದರಲ್ಲಿ 683.20, ಹಾಗಾಗಿ 500. ಕೆಲಸದ ಊರಿನ ಕನಿಷ್ಠ ಕೂಲಿ ರಾಜ್ಯದ್ದಕ್ಕಿಂತ ಹೆಚ್ಚಿದ್ದರೆ ಅದನ್ನೇ ಹಿಡಿಯಬೇಕು. ಸಂಬಳ ಪಟ್ಟಿ ಮಾಡುವವರು ಹಳೆಯ ಶೇ. 25ರ ಸೂತ್ರವನ್ನೇ ಬಳಸಿದರೆ ನೌಕರನಿಗೆ ನಷ್ಟ. ಚೀಟಿ ನೋಡಿ ತಾನೇ ಕೇಳಬೇಕು. (ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿಯ 60ನೇ ಕಲಮಿನಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಜಪ್ತಿಯಿಂದ ಹೊರಗೆ. ಆ 1,000ವನ್ನು ಕನಿಷ್ಠ ಕೂಲಿಗೆ ಜೋಡಿಸುವ ಯೋಚನೆ ನಮಗಿನ್ನೂ ಬಂದಿಲ್ಲ.)

ಟೆಕ್ಸಸ್‌ನಲ್ಲಿ ಈ ಲೆಕ್ಕವೇ ಬೇಡ. ಮಕ್ಕಳ ಜೀವನಾಂಶದಂಥ ಕೆಲವನ್ನು ಬಿಟ್ಟರೆ ಸಾಮಾನ್ಯ ಸಾಲಕ್ಕೆ ಸಂಬಳ ಜಪ್ತಿಯನ್ನು ಆ ರಾಜ್ಯದ ಸಂವಿಧಾನವೇ ನಿಷೇಧಿಸಿದೆ.

ಬ್ಯಾಂಕ್ ಖಾತೆಯ ಜಪ್ತಿ ಸಂಬಳದ ಜಪ್ತಿಯಂತೆ ತಿಂಗಳು ತಿಂಗಳು ಹರಿಯುವುದಿಲ್ಲ. ನೋಟಿಸ್ ಬ್ಯಾಂಕಿಗೆ ಮುಟ್ಟಿದ ಹೊತ್ತಿಗೆ ಖಾತೆಯಲ್ಲಿ ಏನಿದೆಯೋ ಅಷ್ಟೇ. ಮರುದಿನ ಜಮೆಯಾದದ್ದಕ್ಕೆ ಮತ್ತೊಂದು ನೋಟಿಸ್ ಬೇಕು. ಗುರಿ ತಪ್ಪುವುದು ವಿಳಾಸದಲ್ಲಿ. ರಾಜ್ಯದಲ್ಲಿ ಒಂಬತ್ತಕ್ಕಿಂತ ಹೆಚ್ಚು ಶಾಖೆಗಳಿರುವ ಬ್ಯಾಂಕುಗಳು ಕೋರ್ಟು ಕಾಗದ ಸ್ವೀಕರಿಸಲು ಒಂದು ಕೇಂದ್ರ ಸ್ಥಳವನ್ನು ಗೊತ್ತು ಮಾಡಿರಬೇಕು. ಅದು ಬೇರೆ ಕೌಂಟಿಯಲ್ಲಿದ್ದರೆ ನಿಮ್ಮೂರಿನ ಶೆರಿಫ್ ಏನೂ ಮಾಡಲಾರರು. ರಿಟ್ ಆ ಕೌಂಟಿಗೆ, ಕಾಗದ ಆ ಕೌಂಟಿಯ ಶೆರಿಫ್‌ಗೆ. ಮನೆ ಪಕ್ಕದ ಶಾಖೆಯ ವಿಳಾಸ ಬರೆದುಕೊಟ್ಟು ವಾರಗಟ್ಟಲೆ ಕಾಯುವವರು ಇದನ್ನು ತಡವಾಗಿ ಕಲಿಯುತ್ತಾರೆ.

ಬ್ಯಾಂಕಿನಿಂದ ಬಂದ ಹಣವೂ ನೇರ ನಿಮ್ಮ ಕೈಗೆ ಬಾರದು. ಶೆರಿಫ್ ಅದನ್ನು ಹಿಡಿದಿಟ್ಟುಕೊಳ್ಳುತ್ತಾರೆ, ಏಕೆಂದರೆ ‘ಈ ಹಣಕ್ಕೆ ವಿನಾಯಿತಿ ಇದೆ’ ಎಂದು ಹೇಳಲು ಸಾಲಗಾರನಿಗೆ ಕಾಲಾವಕಾಶವಿದೆ: ನೋಟಿಸ್ ಕೈಗೆ ಕೊಟ್ಟರೆ 15 ದಿನ, ಅಂಚೆಯಲ್ಲಾದರೆ 20. ಈ ಅರ್ಜಿ ಹೋಗಬೇಕಾದ್ದು ಕೋರ್ಟಿಗಲ್ಲ, ಶೆರಿಫ್ ಕಚೇರಿಗೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೋರ್ಟಿಗೆ ಹೋಗಿ ಕೊಟ್ಟು ದಿನ ಕಳೆದುಕೊಳ್ಳುತ್ತಾರೆ. ಡಿಕ್ರಿದಾರ ಅವಧಿಯೊಳಗೆ ಆಕ್ಷೇಪಿಸದಿದ್ದರೆ ಹಣ ಬಿಡುಗಡೆ. ಆಕ್ಷೇಪಿಸಿದರೆ ಮಾತ್ರ ನ್ಯಾಯಾಧೀಶರ ಮುಂದೆ. ಇದಲ್ಲದೆ 2020ರ ಸೆಪ್ಟೆಂಬರ್‌ನಿಂದ ಖಾತೆಯಲ್ಲಿ ಇಂತಿಷ್ಟು ಕನಿಷ್ಠ ಮೊತ್ತವನ್ನು ಅರ್ಜಿಯೇ ಇಲ್ಲದೆ ಬಿಡಬೇಕೆಂಬ ನಿಯಮ ಬಂದಿದೆ. ನಾಲ್ವರ ಸಂಸಾರದ ಜೀವನಾವಶ್ಯಕ ವೆಚ್ಚಕ್ಕೆ ಕಟ್ಟಿದ ಆ ಮೊತ್ತ ಪ್ರತಿವರ್ಷ ಪರಿಷ್ಕರಣೆಯಾಗುತ್ತದೆ.

ವ್ಯಾಪಾರಿಯ ಮೇಲಿನ ಡಿಕ್ರಿಗೆ ‘ಟಿಲ್ ಟ್ಯಾಪ್’ ಎಂಬ ಉಪಾಯವಿದೆ. ಡೆಪ್ಯುಟಿ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯಲ್ಲಿ ಆ ಗಳಿಗೆಗೆ ಇದ್ದ ನಗದು ಮತ್ತು ಚೆಕ್ಕುಗಳನ್ನು ಎಣಿಸಿ ತರುತ್ತಾರೆ. ಇನ್ನೂ ದುಬಾರಿಯಾದದ್ದು ‘ಕೀಪರ್’: ಗೊತ್ತುಪಡಿಸಿದ ಅವಧಿಯವರೆಗೆ ಒಬ್ಬರು ಅಂಗಡಿಯಲ್ಲೇ ಕುಳಿತು ಬರುವ ವಹಿವಾಟಿನ ಹಣ ಹಿಡಿಯುತ್ತಾರೆ. ಅವರ ವೇತನವನ್ನು ಮುಂಗಡವಾಗಿ ಕಟ್ಟುವವರು ನೀವು. ಗಿರಾಕಿಗಳೆಲ್ಲ ಕಾರ್ಡಿನಲ್ಲೋ ಫೋನಿನಲ್ಲೋ ಹಣ ಕೊಡುವ ಈ ಕಾಲದಲ್ಲಿ ಕೀಪರ್‌ಗೆ ಕಟ್ಟಿದ ಹಣ ಹುಟ್ಟದೆಯೂ ಹೋಗಬಹುದು. ಇಂಥ ನ್ಯಾಯವಾದ ಖರ್ಚನ್ನು ಡಿಕ್ರಿಗೆ ಸೇರಿಸಿಕೊಳ್ಳಬಹುದು ನಿಜ, ಆದರೆ ವಸೂಲಾಗದ ಡಿಕ್ರಿಗೆ ಸೇರಿಸಿದ್ದು ಕಾಗದದ ಮೇಲಿನ ಅಂಕಿ ಅಷ್ಟೆ.

ಸ್ಥಿರಾಸ್ತಿ ಹರಾಜು ನಿಧಾನದ ಕೆಲಸ. ಜಪ್ತಿಯ ನೋಟಿಸ್ ಕೊಟ್ಟ ಮೇಲೆ 120 ದಿನ ಕಳೆಯದೆ ಹರಾಜಿನ ಪ್ರಕಟಣೆ ಹೊರಡಿಸುವಂತಿಲ್ಲ, ವಾಸದ ಮನೆಯಾದರೆ ಕೋರ್ಟಿನ ಪ್ರತ್ಯೇಕ ಆದೇಶ ಬೇಕು. 3,200 ಡಾಲರ್‌ಗಾಗಿ ಇದಕ್ಕೆ ಕೈ ಹಾಕುವುದು ವಿವೇಕವಲ್ಲ.

ಸಮನ್ಸ್ ಜಾರಿಯ ಮಾತು. ವ್ಯಾಜ್ಯದ ಕಕ್ಷಿಯಲ್ಲದ, 18 ತುಂಬಿದ ಯಾರು ಬೇಕಾದರೂ ಸಮನ್ಸ್ ಕೊಡಬಹುದಾದಾಗ ಶೆರಿಫ್ ಏಕೆ? ಶುಲ್ಕ ವಿನಾಯಿತಿ ಪಡೆದ ಬಡ ಕಕ್ಷಿದಾರನಿಗೆ ಅದು ಉಚಿತ, ಅದೊಂದು ಕಾರಣ. ಇನ್ನೊಂದು, ಜಾರಿಯಾದ ಬಗ್ಗೆ ಶೆರಿಫ್ ಬರೆಯುವ ವರದಿಯನ್ನು ಕಾನೂನು ಮೇಲ್ನೋಟದ ಸಾಕ್ಷ್ಯವೆಂದೇ ಒಪ್ಪುತ್ತದೆ. ಸುಳ್ಳೆಂದು ತೋರಿಸುವ ಹೊರೆ ಎದುರಾಳಿಯದು. ಗೇಟು ಹಾಕಿದ ವಸತಿ ಸಮುಚ್ಚಯದ ಕಾವಲುಗಾರನೂ ಡೆಪ್ಯುಟಿಯನ್ನು ಒಳಗೆ ಬಿಡಲೇಬೇಕು. ಕೊರತೆಯೇನೆಂದರೆ, ಸಮನ್ಸ್ ಮುಟ್ಟಿಸುವ ಖಾಸಗಿಯವರಂತೆ ರಾತ್ರಿ ಎಂಟಕ್ಕೆ ಮರೆಯಲ್ಲಿ ಕಾದು ಹಿಡಿಯುವಷ್ಟು ಪುರುಸೊತ್ತು ಡೆಪ್ಯುಟಿಗೆ ಇರುವುದಿಲ್ಲ. ಸಾಮಾನ್ಯವಾಗಿ ಮೂರು ಪ್ರಯತ್ನ. ಆಮೇಲೆ ಮನೆಯಲ್ಲಿರುವ ತಿಳಿವಳಿಕೆಯುಳ್ಳ ವಯಸ್ಕರ ಕೈಗೆ ಕೊಟ್ಟು, ಇನ್ನೊಂದು ಪ್ರತಿ ಅಂಚೆಗೆ ಹಾಕಿದರೆ, ಹಾಕಿದ ಹತ್ತನೆಯ ದಿನಕ್ಕೆ ಜಾರಿ ಪೂರ್ಣ.

ಪ್ರತಿವಾದಿ ಮೈಸೂರಿಗೋ ಹುಬ್ಬಳ್ಳಿಗೋ ಮರಳಿದ್ದರೆ? ಶೆರಿಫ್ ಅಧಿಕಾರ ಅಷ್ಟು ದೂರ ಬಾರದು. ದೇಶದಿಂದ ದೇಶಕ್ಕೆ ಕೋರ್ಟು ಕಾಗದ ಮುಟ್ಟಿಸುವ ಹೇಗ್ ಸರ್ವಿಸ್ ಒಪ್ಪಂದದಲ್ಲಿ ಭಾರತ 2007ರಿಂದ ಇದೆ, ನೇರ ಅಂಚೆಯಲ್ಲಿ ಬರುವ ವಿದೇಶಿ ಸಮನ್ಸ್‌ಗೆ ಆಕ್ಷೇಪ ದಾಖಲಿಸಿದೆ. ಕಾಗದ ದೆಹಲಿಯ ಕಾನೂನು ಸಚಿವಾಲಯಕ್ಕೆ ಹೋಗಿ, ಅಲ್ಲಿಂದ ಜಿಲ್ಲಾ ಕೋರ್ಟಿಗಿಳಿದು, ಕೊನೆಗೆ ನಮ್ಮ ಅಮೀನನ ಚೀಲಕ್ಕೇ ಬೀಳಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ‘ಮುಟ್ಟಿತು’ ಎಂದುಕೊಂಡು ಪಡೆದ ಏಕಪಕ್ಷೀಯ ತೀರ್ಪು ಮುಂದೆ ಕುಸಿಯಬಹುದು.

ಈಗ ಎಲ್ಲಕ್ಕಿಂತ ಕಠಿಣವಾದ ಕೆಲಸ: ಮನೆ ತೆರವು. ಬಾಡಿಗೆ ಕೊಡದಿದ್ದರೂ ಮಾಲೀಕ ತಾನೇ ಬೀಗ ಬದಲಾಯಿಸುವಂತಿಲ್ಲ, ಕರೆಂಟು ತೆಗೆಸುವಂತಿಲ್ಲ. ನೋಟಿಸ್ ಕೊಟ್ಟು ದಾವೆ ಹೂಡಬೇಕು. ಬಾಡಿಗೆದಾರನಿಗೆ ಉತ್ತರಿಸಲು ಹಿಂದೆ ಕೋರ್ಟಿನ ಐದು ಕೆಲಸದ ದಿನಗಳಿದ್ದವು, 2025ರಿಂದ ಹತ್ತು. ಮಾಲೀಕ ಗೆದ್ದರೆ ಸ್ವಾಧೀನದ ರಿಟ್ ಶೆರಿಫ್‌ಗೆ ಬರುತ್ತದೆ. ಡೆಪ್ಯುಟಿ ಮನೆಗೆ ಹೋಗಿ ಐದು ದಿನಗಳ ತೆರವು ನೋಟಿಸ್ ಕೊಡುತ್ತಾರೆ, ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸುತ್ತಾರೆ. ಐದು ದಿನ ಮುಗಿದ ತಕ್ಷಣ ಬರುತ್ತಾರೆಂದಲ್ಲ; ಸರತಿ ನೋಡಿ ಬೀಗ ಹಾಕುವ ದಿನ ಗೊತ್ತಾಗುತ್ತದೆ.

ಆ ದಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸ್ಥಳದಲ್ಲಿರಬೇಕು, ಬೀಗದವನನ್ನು ಕರೆತಂದಿರಬೇಕು. ಬರದಿದ್ದರೆ ಡೆಪ್ಯುಟಿ ವಾಪಸು, ಮತ್ತೆ ಶುಲ್ಕ, ಮತ್ತೆ ಸರತಿ. ಡೆಪ್ಯುಟಿ ಬಾಗಿಲು ತಟ್ಟಿ ತಾನು ಯಾರೆಂದು ಹೇಳುತ್ತಾರೆ. ಉತ್ತರವಿಲ್ಲದಿದ್ದರೆ ಬೀಗ ತೆರೆಸಿ ಕೋಣೆ ಕೋಣೆ, ಕಪಾಟು, ಸ್ನಾನಗೃಹ ನೋಡುತ್ತಾರೆ. ನಾಯಿ ಇದೆ, ಮನೆಯಲ್ಲಿ ಬಂದೂಕಿದೆ, ಹಾಸಿಗೆ ಹಿಡಿದ ಹಿರಿಯರಿದ್ದಾರೆ ಎಂಬುದನ್ನು ಸೂಚನೆಯಲ್ಲೇ ಬರೆಯಬೇಕು. ಬರೆಯದೆ ಬಚ್ಚಿಟ್ಟರೆ ಆ ಬೆಳಗಿನ ಕೆಲಸ ಅಲ್ಲಿಗೇ ನಿಲ್ಲಬಹುದು. ಜನರನ್ನು ಹೊರಗೆ ಕಳಿಸಿ, ಮಾಲೀಕನಿಂದ ಸಹಿ ಪಡೆದು, ಸ್ವಾಧೀನ ಒಪ್ಪಿಸಿದರೆ ಶೆರಿಫ್ ಕೆಲಸ ಮುಗಿಯಿತು. ಸಾಮಾನು ಅವರು ಮುಟ್ಟುವುದಿಲ್ಲ. ಮಂಚ, ಕುಕ್ಕರು, ದೇವರ ಪಟ ಎಲ್ಲವೂ ಒಳಗೇ ಉಳಿಯುತ್ತವೆ. ಮಾಲೀಕ ಜೋಪಾನ ಮಾಡಬೇಕು. ಬಾಡಿಗೆದಾರ 15 ದಿನಗಳೊಳಗೆ ಸಂಗ್ರಹದ ನ್ಯಾಯವಾದ ಖರ್ಚು ಕೊಟ್ಟು ಒಯ್ಯಬಹುದು.

ಟೆಕ್ಸಸ್‌ನಲ್ಲಿ ಹೀಗಲ್ಲ. ಅಲ್ಲಿ ಕಾನ್‌ಸ್ಟೆಬಲ್ ಕನಿಷ್ಠ 24 ಗಂಟೆ ಮೊದಲು ಎಚ್ಚರಿಕೆಯ ಚೀಟಿ ಅಂಟಿಸಿ, ಬಳಿಕ ಸಾಮಾನನ್ನು ಹೊರಗಿಡಿಸುತ್ತಾರೆ. ಮಳೆ, ಹಿಮಮಿಶ್ರಿತ ಮಳೆ, ಹಿಮ ಬೀಳುತ್ತಿರುವಾಗ ಹೊರಗಿಡಬಾರದು ಎಂದು ಕಾನೂನಿನಲ್ಲೇ ಬರೆದಿದ್ದಾರೆ.

ಕ್ಯಾಲಿಫೋರ್ನಿಯಾದಲ್ಲಿ ತೆರವು ಕೊನೆಯ ಗಳಿಗೆಯಲ್ಲಿ ಕೈಕೊಡುವ ಒಂದು ಕಾರಣ, ದಾವೆಯಲ್ಲಿ ಹೆಸರಿಲ್ಲದವರು. ಮನೆಯಲ್ಲಿದ್ದ ನಾಲ್ಕನೆಯವನು ‘ನಾನೂ ಇಲ್ಲೇ ವಾಸ, ನನ್ನ ಮೇಲೆ ದಾವೆಯೇ ಇಲ್ಲ’ ಎಂದು ನಿಗದಿತ ನಮೂನೆ ತುಂಬಿ ಡೆಪ್ಯುಟಿಯ ಕೈಗಿತ್ತರೆ, ಕೋರ್ಟು ಆ ಹಕ್ಕನ್ನು ಪರಿಶೀಲಿಸುವವರೆಗೆ ತೆರವು ನಿಲ್ಲುತ್ತದೆ. ಸಮನ್ಸ್ ಕೊಡುವಾಗಲೇ ‘ಇಲ್ಲಿರುವ ಇತರರು ಈಗಲೇ ಹೇಳಿಕೊಳ್ಳಿ’ ಎಂಬ ಇನ್ನೊಂದು ನಮೂನೆಯನ್ನೂ ಜಾರಿ ಮಾಡಿಸಿದ್ದರೆ ಈ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಅದನ್ನು ಬಿಟ್ಟ ಮಾಲೀಕ ವಾರಗಳ ಬಾಡಿಗೆ ಕಳೆದುಕೊಳ್ಳುತ್ತಾನೆ.

‘ಕಾಗದ ಹೇಳಿದ್ದೇ ಆಗಬೇಕು’ ಎಂಬ ನಿಯಮವನ್ನು ಒಬ್ಬ ಶೆರಿಫ್ ಬಹಿರಂಗವಾಗಿ ಧಿಕ್ಕರಿಸಿದ್ದೂ ಉಂಟು. 2008ರ ಅಕ್ಟೋಬರ್‌ನಲ್ಲಿ, ಗೃಹಸಾಲಗಳು ಸಾಲುಸಾಲಾಗಿ ಮುಳುಗುತ್ತಿದ್ದಾಗ, ಷಿಕಾಗೊ ಇರುವ ಕುಕ್ ಕೌಂಟಿಯ ಶೆರಿಫ್ ಟಾಮ್ ಡಾರ್ಟ್ ಬ್ಯಾಂಕುಗಳ ಪರವಾದ ತೆರವು ಕಾರ್ಯವನ್ನೇ ನಿಲ್ಲಿಸಿಬಿಟ್ಟರು. ಸಾಲ ತೀರಿಸದವನು ಮಾಲೀಕ. ಆದರೆ ಬಾಗಿಲು ತೆರೆದರೆ ಒಳಗಿರುತ್ತಿದ್ದವರು ತಪ್ಪದೆ ಬಾಡಿಗೆ ಕಟ್ಟುತ್ತಿದ್ದ, ಯಾವ ನೋಟಿಸೂ ಕಾಣದ ಬಾಡಿಗೆದಾರರು. ಬ್ಯಾಂಕಿನವರು ಸಿಟ್ಟಾದರು, ನ್ಯಾಯಾಂಗ ನಿಂದನೆಯ ಮಾತೂ ಬಂತು. ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕ್ರಮಗಳಾದ ಮೇಲೆ ಕೆಲಸ ಮತ್ತೆ ಶುರುವಾಯಿತು. ಕಾನೂನಿನ ಅಕ್ಷರದಲ್ಲಿ ನೋಡಿದರೆ ಡಾರ್ಟ್ ನಿಂತ ನೆಲ ಗಟ್ಟಿಯಾಗಿರಲಿಲ್ಲ. ಆದರೆ ಕೋರ್ಟಿಗೆ ಕಾಣದ ಒಂದು ಸಂಗತಿ ಬಾಗಿಲು ತಟ್ಟುವವನಿಗೆ ಕಂಡಿತ್ತು.

ಕೋರ್ಟು ಕಟ್ಟಡದೊಳಗಿನ ಕೆಲಸ ಇಷ್ಟು ತೊಡಕಿನದಲ್ಲ. ಬಾಗಿಲಲ್ಲಿ ತಪಾಸಣೆ, ಕೋರ್ಟ್ ಹಾಲ್‌ನೊಳಗೆ ಶಿಸ್ತು ಕಾಯುವ ಬೇಲಿಫ್ ಕೆಲಸ, ಜೈಲಿನಿಂದ ಆರೋಪಿಗಳನ್ನು ಕರೆತಂದು ವಾಪಸು ಒಯ್ಯುವುದು, ಜ್ಯೂರಿಯವರು ಚರ್ಚಿಸುವಾಗ ಹೊರಗಿನವರು ಸುಳಿಯದಂತೆ ಕಾಯುವುದು. ನ್ಯಾಯಾಧೀಶರು ‘ಕಸ್ಟಡಿಗೆ’ ಎಂದ ಕ್ಷಣ ಜಾಮೀನಿನ ಮೇಲಿದ್ದವನನ್ನು ಅಲ್ಲೇ ವಶಕ್ಕೆ ಪಡೆಯುವವರೂ ಅವರೇ. ಕೌಟುಂಬಿಕ ಹಿಂಸೆಯ ಪ್ರತಿಬಂಧಕಾಜ್ಞೆಯನ್ನು ಎದುರಾಳಿಗೆ ಮುಟ್ಟಿಸುವುದಕ್ಕೆ ಶೆರಿಫ್ ಶುಲ್ಕ ಪಡೆಯುವುದಿಲ್ಲ. ಮುಟ್ಟಿಸುವಾಗ ಡೆಪ್ಯುಟಿ ಬಂದೂಕು ಕೇಳಿದರೆ ಆಗಲೇ ಒಪ್ಪಿಸಬೇಕು. ಕೇಳದಿದ್ದರೆ 24 ಗಂಟೆಯೊಳಗೆ ಒಪ್ಪಿಸಿ, 48 ಗಂಟೆಯೊಳಗೆ ರಸೀದಿಯನ್ನು ಕೋರ್ಟಿಗೆ ಸಲ್ಲಿಸಬೇಕು.

ಆಡಳಿತದ ಬದಿಯಲ್ಲಿ ವಿವಾದಕ್ಕೆ ಹೆಚ್ಚು ತುತ್ತಾಗಿರುವುದು ಶೆರಿಫ್ ಕೊಡುವ, ಮರೆಯಾಗಿ ಬಂದೂಕು ಒಯ್ಯುವ ಪರವಾನಗಿ. ಕನ್ನಡಿಗರು ಬಹಳ ಇರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ ಇದೇ ಪರವಾನಗಿಗಳನ್ನು ರಾಜಕೀಯ ಬೆಂಬಲಿಗರಿಗೆ ಹಂಚಿದ ಆರೋಪ ಶೆರಿಫ್ ಲಾರಿ ಸ್ಮಿತ್ ಅವರ ಮೇಲೆ ಬಂತು. ಚುನಾಯಿತರಾದ್ದರಿಂದ ಕೌಂಟಿಯ ಮಂಡಳಿ ಅವರನ್ನು ವಜಾ ಮಾಡುವಂತಿರಲಿಲ್ಲ. ಸಿವಿಲ್ ಗ್ರ್ಯಾಂಡ್ ಜ್ಯೂರಿಯ (ನಾಗರಿಕರ ತನಿಖಾ ಮಂಡಳಿ) ದೋಷಾರೋಪಣೆ, ವಿಚಾರಣೆ ಎಲ್ಲ ನಡೆಯಬೇಕಾಯಿತು. 2022ರಲ್ಲಿ ತೀರ್ಪು ಬರುವ ಹೊಸ್ತಿಲಲ್ಲಿ ಅವರು ರಾಜೀನಾಮೆ ಕೊಟ್ಟರು, ಕೆಲವೇ ದಿನಗಳಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥೆ ಎಂದಿತು.

ಶೆರಿಫ್ ಹೆಸರಿನಲ್ಲಿ ಬರುವ ಫೋನ್ ಕರೆಗಳದು ಇನ್ನೊಂದು ಕಾಟ. ‘ಜ್ಯೂರಿ ಕೆಲಸಕ್ಕೆ ಬಂದಿಲ್ಲ, ವಾರಂಟ್ ಆಗಿದೆ, ಈಗಲೇ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ’ ಎಂದರೆ ಅದು ಮೋಸ. ನಮ್ಮಲ್ಲಿಯ ‘ಡಿಜಿಟಲ್ ಅರೆಸ್ಟ್’ನ ಸೋದರ. ಯಾವ ಶೆರಿಫ್ ಕಚೇರಿಯೂ ವಾರಂಟನ್ನು ಫೋನಿನಲ್ಲಿ ಹಣ ಪಡೆದು ತೀರಿಸುವುದಿಲ್ಲ.

ಮತ್ತೆ ಆ 3,200 ಡಾಲರ್ ವಿಷಯಕ್ಕೆ ಬಂದರೆ, ಎಷ್ಟು ವಸೂಲಾಯಿತು, ಏನಾಗಲಿಲ್ಲ, ಏಕೆ ಆಗಲಿಲ್ಲ ಎಂದು ಬರೆದು ಶೆರಿಫ್ ರಿಟ್ಟನ್ನು ಕೋರ್ಟಿಗೆ ಹಿಂದಿರುಗಿಸುತ್ತಾರೆ. ಬಾಕಿ ಉಳಿದಿದ್ದರೆ ಹೊಸ ರಿಟ್ ತರಬಹುದು. ತೀರ್ಪಿನ ಆಯಸ್ಸು ಹತ್ತು ವರ್ಷ, ಮುಗಿಯುವ ಮುನ್ನ ನವೀಕರಿಸಿಕೊಳ್ಳಲೂ ಬಹುದು. ಆದರೆ ಸಾಲಗಾರ ಅಷ್ಟರಲ್ಲಿ ಎಲ್ಲ ಮಾರಿ ಬೆಂಗಳೂರು ಸೇರಿದ್ದರೆ ಆ ತೀರ್ಪನ್ನು ಇಲ್ಲಿ ನೇರವಾಗಿ ಅಮಲ್ಜಾರಿಗೆ ಹಾಕುವಂತಿಲ್ಲ. ಸಿಪಿಸಿ 44ಎ ಕಲಮಿನಡಿ ಬ್ರಿಟನ್, ಸಿಂಗಪುರಗಳಿಗೆ ಇರುವ ಮಾನ್ಯತೆ ಅಮೆರಿಕಕ್ಕಿಲ್ಲ. ಅಮೆರಿಕದ ತೀರ್ಪನ್ನೇ ಆಧಾರ ಮಾಡಿಕೊಂಡು ಇಲ್ಲಿ ಹೊಸ ದಾವೆ ಹೂಡಬೇಕು. ಅದಕ್ಕೆ ನಮ್ಮ ಕಾಲಮಿತಿ ಕಾಯ್ದೆ ಕೊಡುವ ಅವಧಿ ತೀರ್ಪಿನ ದಿನದಿಂದ ಮೂರು ವರ್ಷ.